ನೂರರ ಹರೆಯದಲ್ಲಿ ನೂರು ಮೀಟರ್

2017ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟ ಜರುಗಿತು. ಅಲ್ಲಿ ನೂರು ಮೀಟರ್ ಓಟದ ಗೆರೆಯ ಮೇಲೆ ನಿಂತವರಲ್ಲಿ ಚಂಡೀಗಢದ ಮಾನ್ ಕೌರ್ ಒಬ್ಬರು. ಆಗ ಅವರ ವಯಸ್ಸು 101. ಅವರ ವಯೋವರ್ಗದಲ್ಲಿ ಎದುರಾಳಿಗಳೇ ಇರಲಿಲ್ಲ. 74 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಅವರು ಚಿನ್ನದ ಪದಕ ಧರಿಸಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ 9.58 ಸೆಕೆಂಡುಗಳಲ್ಲಿ ಕ್ರಮಿಸಿದ ದೂರವೂ ಇಷ್ಟೇ.

ಒಬ್ಬರೇ ಓಡಿ ಗೆದ್ದರೆ ಅದೆಂತಹ ಗೆಲುವೆಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದ್ದುಂಟು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಎದುರಾಳಿಗಳು ಇಲ್ಲದೆ ಹೋದುದೇಕೆ ಎಂಬುದನ್ನೂ ಕೇಳಬೇಕಷ್ಟೆ. ಆ ವಯಸ್ಸಿನವರೆಗೆ ಬದುಕಿ ಉಳಿಯುವವರೇ ವಿರಳ. ಉಳಿದವರನ್ನೂ ನಾವು ಜಗಲಿಯ ಮೂಲೆಯಲ್ಲಿ ಕೂರಿಸಿ, ಎದ್ದರೆ ಬಿದ್ದೀರಿ ಎಂದು ಗದರಿಸುತ್ತೇವೆ.

ಮಾಸ್ಟರ್ಸ್ ಕ್ರೀಡೆಗಳಲ್ಲಿ 35 ದಾಟಿದವರನ್ನು ಐದೈದು ವರ್ಷಗಳ ವರ್ಗಗಳಾಗಿ ವಿಂಗಡಿಸುತ್ತಾರೆ, ದಾಖಲೆಯೂ ವರ್ಗಕ್ಕೊಂದು. ಈ ಬಗೆಯ ಮೊದಲ ವಿಶ್ವಸ್ಪರ್ಧೆ ನಡೆದುದು 1975ರಲ್ಲಿ, ಕೆನಡಾದ ಟೊರಾಂಟೊದಲ್ಲಿ.

ಮುಪ್ಪಿಗೆ ಕಠಿಣವಾದುದು ವೇಗದ ಓಟ. ತಟ್ಟನೆ ಬಲ ಕೊಡುವ ಸ್ನಾಯುತಂತುಗಳು ವಯಸ್ಸಿನೊಡನೆ ಮೊದಲು ಸೊರಗುತ್ತವೆ. ನಿಧಾನವಾಗಿ ಬಹಳ ಹೊತ್ತು ದುಡಿಯುವ ತಂತುಗಳು ಹೆಚ್ಚು ಕಾಲ ಬಾಳುತ್ತವೆ. ಸಂತೆಗೆ ಎರಡು ಮೈಲು ನಡೆದು ಹೋಗುವ ಅಜ್ಜನಿಗೆ ಬಸ್ಸು ಹಿಡಿಯಲು ಹತ್ತು ಮಾರು ಓಡಲಾಗದಿರುವುದು ಇದರಿಂದಲೇ. ಕುತೂಹಲದ ಸಂಗತಿಯೆಂದರೆ, ಹಿರಿಯ ಓಟಗಾರರಲ್ಲಿ ಕಾಲಾಡಿಸುವ ಚುರುಕು ಅಷ್ಟಾಗಿ ಕುಗ್ಗುವುದಿಲ್ಲ. ಕುಗ್ಗುವುದು ಹೆಜ್ಜೆಯ ಉದ್ದ. ಪಾದವೂ ನೆಲದ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ.

ಹೀಗಿದ್ದೂ ಗಡಿಯಾರಕ್ಕೆ ಅಂಜದವರುಂಟು. ಜಪಾನಿನ ಹಿದೆಕಿಚಿ ಮಿಯಾಜಾಕಿ ತೊಂಬತ್ತು ದಾಟಿದ ಮೇಲೆ ಓಟಕ್ಕಿಳಿದವರು. ನೂರು ತುಂಬಿದವರ ವರ್ಗದಲ್ಲಿ 29.83 ಸೆಕೆಂಡುಗಳ ದಾಖಲೆ ಅವರದಾಗಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡೊನಾಲ್ಡ್ ಪೆಲ್‌ಮನ್ ಅದನ್ನು 26.99ಕ್ಕೆ ಇಳಿಸಿದರು. ಅದೇ ತಿಂಗಳು, 105 ತುಂಬಿದ ಮರುದಿನ, ಮಿಯಾಜಾಕಿ ಕ್ಯೋಟೋದಲ್ಲಿ 42.22 ಸೆಕೆಂಡುಗಳಲ್ಲಿ ಓಡಿದರು. ಜಗತ್ತೆಲ್ಲ ಕೊಂಡಾಡುತ್ತಿದ್ದರೆ, ಅಭ್ಯಾಸದಲ್ಲಿ ಇದಕ್ಕಿಂತ ಬೇಗ ಓಡುತ್ತಿದ್ದೆನೆಂದು ಆ ವೃದ್ಧರು ಕಣ್ಣೀರು ತಂದುಕೊಂಡರಂತೆ! ಪರೀಕ್ಷೆಯಲ್ಲಿ ಎರಡು ಅಂಕ ಕಡಮೆಯಾದುದಕ್ಕೆ ಅಳುವ ಹುಡುಗರನ್ನು ಬಹುಕಾಲದಿಂದ ಕಂಡ ನಮಗೆ ಈ ಅಳು ಬಹಳ ಹಿಡಿಸಿತು.

ನಮ್ಮ ದೇಶದ ಉದಾಹರಣೆಗಳಲ್ಲಿ ಇನ್ನೊಂದು ವಿಶೇಷವಿದೆ. ಮಾನ್ ಕೌರ್ 93ನೆಯ ವಯಸ್ಸಿನವರೆಗೆ ಮೈದಾನ ತುಳಿದವರಲ್ಲ. ಹಿರಿಯರ ಸ್ಪರ್ಧೆಗಳಲ್ಲಿ ತಾವೂ ಓಡುತ್ತಿದ್ದ ಮಗ ಗುರುದೇವ್ ಸಿಂಗ್, ತಾಯಿಗೆ ಮಂಡಿನೋವಾಗಲಿ ಹೃದಯದ ತೊಂದರೆಯಾಗಲಿ ಇಲ್ಲವೆಂಬುದನ್ನು ಗಮನಿಸಿ, ನೀನೇಕೆ ಓಡಬಾರದೆಂದು ಕೇಳಿದರು. ತಾವೇ ತರಬೇತಿ ಕೊಟ್ಟರು. 2022ರ ಜೂನ್‌ನಲ್ಲಿ ವಡೋದರಾದಲ್ಲಿ ಹರಿಯಾಣದ ರಾಮ್‌ಬಾಯಿ ತಮ್ಮ 105ನೆಯ ವಯಸ್ಸಿನಲ್ಲಿ 45.40 ಸೆಕೆಂಡುಗಳಲ್ಲಿ ಓಡಿ ಮಾನ್ ಕೌರರ ಕಾಲವನ್ನು ಬಹು ಹಿಂದೆ ಹಾಕಿದರು. ಅವರನ್ನು ಕರೆತಂದವಳು ಮೊಮ್ಮಗಳು. ಮರುತಿಂಗಳು ಫಿನ್ಲೆಂಡಿನ ಟಾಂಪೆರೆಯಲ್ಲಿ 24.74 ಸೆಕೆಂಡುಗಳಲ್ಲಿ ಚಿನ್ನ ಗೆದ್ದ 94ರ ಭಗವಾನಿ ದೇವಿಯವರನ್ನು ಈ ಹಾದಿಗೆ ಹಚ್ಚಿದವನು ಮೊಮ್ಮಗ. ದಾಖಲೆಯ ಪುಸ್ತಕದಲ್ಲಿ ಈ ಮಕ್ಕಳ ಹೆಸರಿಗೆ ಕಲಮು ಇಲ್ಲ. ನಮ್ಮ ದೃಷ್ಟಿಯಲ್ಲಿ ಪದಕದ ಅರ್ಧಪಾಲು ಅವರದೇ.

ವಯಸ್ಸಿಗೆ ಪುರಾವೆಯೇನೆಂದು ಸಂಶಯಪಡುವವರೂ ಇದ್ದಾರೆ. ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಊರಿನ ಅನೇಕರು ಜೂನ್ 1ರಂದೇ ಹುಟ್ಟಿದ್ದಾರೆ. ಅದು ತಾಯಿ ಹೆತ್ತ ದಿನವಲ್ಲ, ಮೇಷ್ಟರು ಬರೆದ ದಿನ! ಅದಕ್ಕೂ ಹಿಂದಿನವರಿಗೆ ಅಷ್ಟೂ ಇಲ್ಲ. ದಾಖಲೆಯ ಮಾನ್ಯತೆಗೆ ಜನ್ಮದಿನದ ಪುರಾವೆ ಬೇಕೆಂಬ ನಿಯಮ ನ್ಯಾಯವಾದುದೇ. ಆದರೆ ಎರಡು ವರ್ಷ ಅತ್ತಿತ್ತವಾದರೂ ಆ ಮುದುಕಿಯ ಓಟ ಸುಳ್ಳಾಗದು.

ಮಾನ್ ಕೌರರಿಗೆ 2020ರ ಮಾರ್ಚಿಯಲ್ಲಿ ರಾಷ್ಟ್ರಪತಿಗಳಿಂದ ನಾರಿಶಕ್ತಿ ಪುರಸ್ಕಾರ ದೊರೆಯಿತು. 2021ರ ಜುಲೈ 31ರಂದು, 105ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ಓದುಗರ ಮನೆಗಳಲ್ಲೂ ಅಜ್ಜ ಅಜ್ಜಿಯರಿದ್ದಾರೆ. ಓಡಿಸಿರೆಂದು ನಾವು ಹೇಳಲಾರೆವು; ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ನಾಲ್ಕು ಹೆಜ್ಜೆ ಬಿರುಸಾಗಿ ನಡೆಸಿ. ಸಂಜೆ ಶಾಲೆ ಬಿಟ್ಟ ಬಳಿಕ ನಮ್ಮ ಬಯಲು ಖಾಲಿಯಾಗಿಯೇ ಇರುತ್ತದೆ; ಗೇಟಿಗೆ ಬೀಗವಿಲ್ಲ.