ದೇಹದ ತೂಬು ಮುಚ್ಚಿದಾಗ

ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಬಂದವರು ಸಮೀಪದ ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟನ್ನೂ ನೋಡಿ ಹೋಗುವುದುಂಟು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯ ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಕಾಲುವೆ ತುಂಬಿದರೆ ತೂಬು ಇಳಿಸಬೇಕು. ನೀರು ತಗ್ಗಿದರೆ ಎತ್ತಬೇಕು. ಮನುಷ್ಯನ ದೇಹದೊಳಗೂ ಇಂಥದೇ ಏರ್ಪಾಡಿದೆ. ಅಲ್ಲಿ ಹರಿಯುವುದು ನೀರಲ್ಲ, ಹಾರ್ಮೋನು.

ಹಾರ್ಮೋನುಗಳೆಂದರೆ ನಿರ್ನಾಳ ಗ್ರಂಥಿಗಳಲ್ಲಿ ಹುಟ್ಟಿ, ರಕ್ತದ ಮೂಲಕ ದೂರದ ಅಂಗಗಳನ್ನು ತಲುಪುವ ರಾಸಾಯನಿಕ ದೂತರು. ಇನ್ಸುಲಿನ್‌ನಂಥವು ಜೀವಕೋಶದ ಹೊರಗೇ ನಿಂತು ಬಾಗಿಲು ತಟ್ಟುತ್ತವೆ. ಕೊಲೆಸ್ಟರಾಲಿನಿಂದ ತಯಾರಾಗುವ ಸ್ಟೀರಾಯ್ಡ್ ಹಾರ್ಮೋನುಗಳಾದರೋ ಕೊಬ್ಬಿನಲ್ಲಿ ಕರಗುವುದರಿಂದ ಪೊರೆ ದಾಟಿ ನೇರವಾಗಿ ಒಳಹೋಗುತ್ತವೆ. ಅಲ್ಲಿ ಗ್ರಾಹಕವೊಂದರ ಜತೆ ಸೇರಿ, ಯಾವ ಪ್ರೋಟೀನು ತಯಾರಾಗಬೇಕೆಂದು ಜೀನುಗಳಿಗೆ ಸೂಚಿಸುತ್ತವೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಸ್ರವಿಸುತ್ತವೆ. ಇದರ ತೂಬು ಕಾಯುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿದ್ದರೆ ಅದು ತನ್ನ ಆಜ್ಞೆಯನ್ನು ತಗ್ಗಿಸುತ್ತದೆ. ಆದರೆ ಬಂದದ್ದು ಸ್ವಂತದ್ದೋ ಮಾತ್ರೆಯದೋ ಎಂಬ ಭೇದ ಅದಕ್ಕೆ ತಿಳಿಯದು! ವಾರಗಟ್ಟಲೆ ಮಾತ್ರೆ ನುಂಗಿದರೆ ಅಡ್ರಿನಲ್ ಕೆಲಸವಿಲ್ಲದೆ ಸೊರಗುತ್ತದೆ. ಆಗ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಇದಕ್ಕಾಗಿಯೇ. ಹಾಗೆಂದು ಔಷಧ ಕೆಟ್ಟದ್ದಲ್ಲ. ತೀವ್ರ ಆಸ್ತಮಾದಲ್ಲಿ ಅದು ಉಸಿರು ಉಳಿಸುತ್ತದೆ. 2020ರಲ್ಲಿ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡು ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಸಾವನ್ನು ತಗ್ಗಿಸಿತು.

ಆಟಗಾರರ ವಿಷಯದಲ್ಲಿ ಕೇಳಿಬರುವ ಸ್ಟೀರಾಯ್ಡುಗಳು ಬೇರೆ ಗುಂಪಿನವು. ಟೆಸ್ಟೊಸ್ಟಿರಾನ್ ಹಾರ್ಮೋನನ್ನು ಅನುಕರಿಸಿ ಸ್ನಾಯು ಬೆಳೆಸುವ ಇವೂ ತೂಬು ಮುಚ್ಚಿಸುತ್ತವೆ: ಪುರುಷರಲ್ಲಿ ವೃಷಣ ಕುಗ್ಗುತ್ತದೆ. ಹೆಣ್ಣುಮಕ್ಕಳ ದನಿ ಗಡುಸಾಗುತ್ತದೆ. ಬೆಳೆಯುವ ವಯಸ್ಸಿನವರಲ್ಲಿ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಎತ್ತರ ನಿಂತೇ ಹೋಗಬಹುದು.

2010ರ ದೆಹಲಿ ಕಾಮನ್‌ವೆಲ್ತ್ ಹಾಗೂ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಮರುವರ್ಷ ಇಂಥದೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಮೆಥಾಂಡಿಯನೋನ್ ತನಗೆ ತಿಳಿಯದೆ ಪೂರಕ ಆಹಾರದ ಮೂಲಕ ದೇಹ ಸೇರಿತೆಂಬುದು ಅವರ ವಾದ. ಆದರೂ 2012ರಲ್ಲಿ ಅಂತಿಮವಾಗಿ ಎರಡು ವರ್ಷಗಳ ನಿಷೇಧವೇ ಸ್ಥಿರವಾಯಿತು. ದೇಹಕ್ಕೆ ಏನು ಸೇರಿದರೂ ಆಟಗಾರನೇ ಹೊಣೆ ಎಂಬುದು ಕ್ರೀಡೆಯ ನಿಯಮ.

ಪಿಟ್ಯುಟರಿಯಂತೂ ವಾದವನ್ನೇ ಕೇಳುವುದಿಲ್ಲ. ಮಗ ಜಿಮ್ಮಿನಿಂದ ಪುಡಿಯ ಡಬ್ಬಿ ತಂದರೆ, ಬಾಯಿಗೆ ಹಾಕುವ ಮುನ್ನ ಅದನ್ನು ವೈದ್ಯರಿಗೊಮ್ಮೆ ತೋರಿಸುವುದು ಲೇಸು.