ಹಂದಿಗೋಡು ಕಾಯಿಲೆ: ಬಸಿರಲ್ಲೇ ತಿಳಿಯಬಹುದೆ?

ಶಿಕಾರಿಪುರದ ಓದುಗರೊಬ್ಬರ ಪ್ರಶ್ನೆ: ಸೊಸೆಗೆ ಹಂದಿಗೋಡು ಕಾಯಿಲೆ ಇದೆ, ಸೊರಬದ ಅವಳ ತವರಿನಲ್ಲೂ ಇದೆ. ಈಗ ಮೂರು ತಿಂಗಳ ಬಸುರಿ. ಎನ್‌ಐಪಿಟಿ ರಕ್ತಪರೀಕ್ಷೆ ಮಾಡಿಸಿದರೆ ಮಗುವಿಗೂ ಬರುತ್ತದೋ ಇಲ್ಲವೋ ತಿಳಿಯುತ್ತದೆಯೇ?

ತಿಳಿಯುವುದಿಲ್ಲ. ಬಸುರಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ತೇಲುತ್ತಿರುವುದನ್ನು 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ಈ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ. ಸಾಮಾನ್ಯವಾಗಿ ಅದು ನೋಡುವುದು 21, 18, 13ನೇ ಕ್ರೋಮೋಸೋಮುಗಳಲ್ಲಿ ಯಾವುದಾದರೂ ಒಂದು ಹೆಚ್ಚಿದೆಯೇ ಎಂದು. ಅಕ್ಕಿ ಮೂಟೆಗಳನ್ನು ಎಣಿಸಿದವನಿಗೆ ಒಳಗಿನ ಕಲ್ಲು ಕಾಣುವುದಿಲ್ಲ. ಸೊಂಟದ ಕೀಲು ಸವೆಸುವ ಹಂದಿಗೋಡು ಕಾಯಿಲೆ ಜೀನಿನೊಳಗಿನ ಬದಲಾವಣೆ, ಮೂಟೆಯೊಳಗಿನ ಕಲ್ಲು. ‘ನಾರ್ಮಲ್’ ಎಂಬ ವರದಿ ಕೈಗೆ ಬಂದರೆ ಇಂಥ ಮನೆಯವರು ಸುಳ್ಳು ನೆಮ್ಮದಿಯಲ್ಲಿ ಉಳಿಯುತ್ತಾರೆ. ಪರೀಕ್ಷೆಯ ಪ್ಯಾಕೇಜು ಮಾರುವವರು ಇದನ್ನು ಮೊದಲೇ ಹೇಳಬೇಕು.

1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ ಕೀಲು ಸವೆದು ನಡೆಯಲಾಗದವರು ಕಂಡುಬಂದಾಗ, ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ತಿಂದದ್ದರ ಮೇಲೆ ಅನುಮಾನ ಬಂತು. ನರಳುತ್ತಿದ್ದವರು ಹೆಚ್ಚಾಗಿ ದಲಿತರು. ಅವರ ಊಟವೇ ತಪ್ಪಿತಸ್ಥನ ಸ್ಥಾನದಲ್ಲಿ ನಿಂತಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿ, ಇದು ಮನೆತನಗಳಲ್ಲಿ ಹರಿಯುವ ಕಾಯಿಲೆ ಎಂದು 1977ರಲ್ಲಿ ಬರೆದರು. ಮುಂದೆ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ವಂಶಾವಳಿಗಳನ್ನು ಬಿಡಿಸಿ, ಪ್ರಬಲ ಜೀನ್ ಮೂಲಕ ಬರುವ ಕಾಯಿಲೆ ಎಂದು ಗುರುತಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಬಸಿರಿನಲ್ಲೂ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಸೋದರಿಕೆಯ ಮದುವೆಯನ್ನು ಬೈಯುವುದರಲ್ಲೂ ಅರ್ಥವಿಲ್ಲ.

ಮಗುವಿನಲ್ಲಿ ಹುಡುಕಬೇಕಾದರೆ, ಆ ಮನೆತನದ ಜೀನಿನ ಬದಲಾವಣೆ ಯಾವುದೆಂದು ಮೊದಲು ಕಾಯಿಲೆ ಇರುವವರ ರಕ್ತದಿಂದ ಪತ್ತೆಯಾಗಿರಬೇಕು. ಅದು ಬಸಿರಿಗೆ ಮುಂಚಿನ ಕೆಲಸ. ಪತ್ತೆಯಾದ ಮೇಲಷ್ಟೇ ಗರ್ಭದ ನೀರು ತೆಗೆದು ನೋಡುವ ಮಾತು; ಅದರಲ್ಲಿ ಗರ್ಭಪಾತದ ಸಣ್ಣ ಅಪಾಯವೂ ಇದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಆಪ್ತಸಲಹೆ ಪಡೆದು ಮುಂದುವರಿಯಬೇಕು.

ಪ್ರಶ್ನೆ ಬಂದಿರುವುದು ಸೊಸೆಯಿಂದಲ್ಲ, ಅವಳ ಗಂಡನ ಮನೆಯಿಂದ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಆನುವಂಶಿಕ ಕಾಯಿಲೆಗೆ ಪ್ರಸವಪೂರ್ವ ಪರೀಕ್ಷೆಯನ್ನು ಒಪ್ಪುತ್ತದೆ. ಆದರೆ ಅಡ್ಡಪರಿಣಾಮಗಳನ್ನು ಬಸುರಿಗೇ ವಿವರಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಅವಳದೇ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಅವಳಿಗೆ ಕೊಡಬೇಕು. ಲಿಂಗವನ್ನು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಯಾರೂ ತಿಳಿಸುವಂತಿಲ್ಲ.

ಇನ್ನು ಗರ್ಭಪಾತದ ಕಾಯ್ದೆ. ಅದರ 2021ರ ತಿದ್ದುಪಡಿಯ ನಂತರ, ಭ್ರೂಣದಲ್ಲಿ ಗಂಭೀರ ದೋಷವಿದೆಯೆಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರ ದಾಟಿದರೂ ಗರ್ಭಪಾತಕ್ಕೆ ಅವಕಾಶವಿದೆ. ಬುದ್ಧಿಗೆ ಕುಂದಿಲ್ಲದೆ, ಕೀಲುನೋವಿನಲ್ಲೇ ದುಡಿದು ಬಾಳುವ ಜೀವವನ್ನು ‘ಗಂಭೀರ ದೋಷ’ ಎನ್ನಬಹುದೇ? ಆ ನೋವನ್ನು ಸ್ವತಃ ಉಂಡಿರುವ ಸೊಸೆಯನ್ನು ಮೊದಲು ಕೇಳಿ.