ನವೋದಯ ಪರೀಕ್ಷೆಯೂ ಮನೆಪಾಠದ ಗುರುವೂ

ಈಚೆಗೆ ಕಾರ್ಕಳ ತಾಲೂಕಿನ ಹಳ್ಳಿಯೊಂದರ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ಬಂದು, ಚೀಲದಿಂದ ಎರಡು ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು, ಪೇಟೆಯ ಪಾಠಕೇಂದ್ರವೊಂದರ ಬಣ್ಣದ ಕರಪತ್ರ. ನವೋದಯ ಪ್ರವೇಶ ಖಾತ್ರಿಯೆಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಇನ್ನೊಂದು, ಅವರ ಊರಿನ ನಿವೃತ್ತ ಮಾಸ್ತರರು ಬರೆದುಕೊಟ್ಟ ಚೀಟಿ; ಮಗುವಿನ ಮೂರನೆಯ ತರಗತಿಯಿಂದ ಈಚಿನ ಗಣಿತದ ಬರವಣಿಗೆಯ ಪುಸ್ತಕಗಳನ್ನೆಲ್ಲ ತರಬೇಕೆಂದಷ್ಟೇ ಅದರಲ್ಲಿತ್ತು. "ಸ್ವಾಮೀ, ಮಗಳು ಐದನೆಯಲ್ಲಿದ್ದಾಳೆ. ಒಂದೇ ಸಲ ಬರೆಯಲಿಕ್ಕಿರುವ ಪರೀಕ್ಷೆಯಂತೆ. ಯಾರ ಕೈಗೆ ಒಪ್ಪಿಸಲಿ?" ಎಂದು ಅವರು ಕೇಳಿದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ನಮ್ಮ ಜಿಲ್ಲೆಯ ಅನೇಕ ತಂದೆತಾಯಂದಿರನ್ನು ಪ್ರತಿವರ್ಷ ಬಾಧಿಸುವ ಪ್ರಶ್ನೆಯಾದುದರಿಂದ, ಅವರಿಗೆ ನಾವು ಹೇಳಿದುದನ್ನು ವಾಚಕರ ಮುಂದೆಯೂ ಇಡುವುದು ಯುಕ್ತವೆಂದು ಭಾವಿಸಿದ್ದೇವೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ಅರಿಯಬೇಕು. ಹಳ್ಳಿಗಾಡಿನ ಪ್ರತಿಭಾವಂತ ಮಕ್ಕಳಿಗೆ ಹಣದ ಗೊಡವೆಯಿಲ್ಲದೆ ಉತ್ತಮ ಶಿಕ್ಷಣ ದೊರೆಯಲೆಂಬ ಉದ್ದೇಶದಿಂದ 1985-86ರಲ್ಲಿ ನವೋದಯ ವಿದ್ಯಾಲಯಗಳು ಆರಂಭವಾದುವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಅವುಗಳಿಗೆ ಆಧಾರವಾಯಿತು. ನಮ್ಮ ಉಡುಪಿ ಜಿಲ್ಲೆಯ ವಿದ್ಯಾಲಯವು ಬ್ರಹ್ಮಾವರ ತಾಲೂಕಿನ ಚೇರ್ಕಾಡಿಯಲ್ಲಿದೆ. ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಅವುಗಳಲ್ಲಿ ಕಡಿಮೆಯೆಂದರೆ ನೂರಕ್ಕೆ 75 ಸ್ಥಾನಗಳು ಗ್ರಾಮಾಂತರದ ಮಕ್ಕಳಿಗೂ, ಒಟ್ಟಿನ ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೂ ಮೀಸಲು. ಜಿಲ್ಲೆಯಲ್ಲಿ ಏಳು ತಾಲೂಕುಗಳಿವೆಯೆಂಬುದನ್ನು ನೆನೆದರೆ, ಪರೀಕ್ಷೆಗೆ ಕುಳಿತ ಮಕ್ಕಳಲ್ಲಿ ಬಹುಪಾಲು ಮಂದಿ ತಮ್ಮೂರಿನ ಶಾಲೆಯಲ್ಲಿಯೇ ಉಳಿಯುವರೆಂಬುದು ಸ್ಪಷ್ಟವಾಗುತ್ತದೆ. ಒಮ್ಮೆ ಬರೆದ ಮಗುವಿಗೆ ಮರುವರ್ಷ ಬರೆಯುವ ಅವಕಾಶವೂ ಇಲ್ಲ.

ಆದಕಾರಣ ಗುರುವನ್ನು ಆರಿಸುವಾಗ ತಂದೆತಾಯಂದಿರು ಕೇಳಬೇಕಾದ ಮುಖ್ಯ ಪ್ರಶ್ನೆಯು, "ಇವರು ನಮ್ಮ ಮಗುವನ್ನು ತೇರ್ಗಡೆ ಮಾಡಿಸುವರೇ?" ಎಂಬುದಲ್ಲ, "ಮಗುವಿಗೆ ಸ್ಥಾನ ಸಿಕ್ಕದೆ ಹೋದರೂ, ಇವರ ಬಳಿ ಕಳೆದ ಕಾಲ ಅದಕ್ಕೆ ಉಪಕಾರವಾಗುವುದೇ?" ಎಂಬುದು. ನಮ್ಮ ಇಂದಿನ ಲೇಖನದ ತಿರುಳು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಪರೀಕ್ಷೆಯ ಅವಧಿ ಎರಡು ಗಂಟೆ, ಪ್ರಶ್ನೆಗಳು 80, ಅಂಕಗಳು 100. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೆ 20 ಪ್ರಶ್ನೆ, 25 ಅಂಕ. ಕನ್ನಡದಲ್ಲಿಯೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಉತ್ತರಗಳನ್ನು ಓಎಂಆರ್ ಹಾಳೆಯ ಸಣ್ಣ ವೃತ್ತಗಳಲ್ಲಿ ಬಾಲ್‌ಪೆನ್ನಿನಿಂದ ತುಂಬಬೇಕು. ಪಾಠ ಹೇಳುತ್ತೇನೆಂದು ಮುಂದೆ ಬರುವವರನ್ನು ಮೊದಲು ಇಷ್ಟನ್ನೇ ಕೇಳಿ ನೋಡಿರಿ. ತೊದಲಿದರೆ ಅವರಿಗೆ ಕೈಮುಗಿದು ಹಿಂತಿರುಗುವುದು ಲೇಸು.

ಈ ಮೂರು ಭಾಗಗಳಿಗೂ ಬೇಕಾದ ಬೋಧನೆ ಒಂದೇ ವಿಧದ್ದಲ್ಲ. ಮಾನಸಿಕ ಸಾಮರ್ಥ್ಯದ ಭಾಗದಲ್ಲಿ ಬರುವುವು ಬರಿಯ ಆಕೃತಿಗಳು: ಗುಂಪಿಗೆ ಸೇರದ ಚಿತ್ರವನ್ನು ಗುರುತಿಸುವುದು, ಅರ್ಧ ಚಿತ್ರವನ್ನು ಪೂರ್ಣಗೊಳಿಸುವುದು, ಕನ್ನಡಿಯಲ್ಲಿ ಕಾಣುವ ರೂಪವನ್ನು ಊಹಿಸುವುದು ಇತ್ಯಾದಿ. ಇವು ಶಾಲೆಯ ಪಠ್ಯದಲ್ಲಿಲ್ಲ. ಆದುದರಿಂದ ಇಲ್ಲಿ ಮಾರ್ಗದರ್ಶಕರೊಬ್ಬರ ನೆರವು ಉಂಟಾದರೆ ಒಳ್ಳೆಯದು. ಆದರೆ ಇದಕ್ಕೆ ವರ್ಷಗಟ್ಟಲೆ ಟ್ಯೂಷನ್ ಬೇಡ. ಪ್ರಶ್ನೆಗಳ ಬಗೆಗಳು ಹತ್ತು. ಒಂದೊಂದನ್ನು ನಿಧಾನವಾಗಿ ತಿಳಿಸಿ, ವಾರಕ್ಕೊಮ್ಮೆ ಗಡಿಯಾರವಿಟ್ಟು ಅಭ್ಯಾಸ ಮಾಡಿಸಿದರೆ ಕೆಲವೇ ತಿಂಗಳುಗಳಲ್ಲಿ ಮಗುವಿನ ಕಣ್ಣು ಪಳಗುತ್ತದೆ. ಪೆನ್ಸಿಲಿನಲ್ಲಿ ಬರೆದು ಅಳಿಸುವ ರೂಢಿಯ ಮಗುವಿಗೆ, ಅಳಿಸಲಾಗದ ಶಾಯಿಯಿಂದ ವೃತ್ತ ತುಂಬುವ ಅಭ್ಯಾಸವನ್ನೂ ಮಾಡಿಸಬೇಕು.

ಅಂಕಗಣಿತದ ವಿಷಯವೇ ಬೇರೆ. ಇಲ್ಲಿ ಬೇಕಾದುದು ಉಪಾಯವಲ್ಲ, ಬುನಾದಿ. ಭಿನ್ನರಾಶಿಯಲ್ಲಿ ಎಡವುವ ಮಗು ನಿಜವಾಗಿ ಎಡವಿದ್ದು ಭಾಗಾಕಾರದಲ್ಲಿರಬಹುದು. ಭಾಗಾಕಾರದಲ್ಲಿ ಎಡವಿದ್ದು ಮಗ್ಗಿ ಬಾರದ್ದರಿಂದ ಇರಬಹುದು. ಎಲ್ಲಿ ಕೊಂಡಿ ಕಳಚಿದೆಯೆಂದು ಹುಡುಕದೆ ಮೇಲಿಂದ ಮೇಲೆ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿಸುವುದು, ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಆ ನಿವೃತ್ತ ಮಾಸ್ತರರು ಮೂರನೆಯ ತರಗತಿಯ ಪುಸ್ತಕಗಳನ್ನು ಕೇಳಿದ್ದರ ಮರ್ಮ ಇದೇ. ಸಂಬಳದ ಮಾತೆತ್ತುವ ಮೊದಲು ಮಗುವಿನ ಬರವಣಿಗೆಯನ್ನು ನೋಡಬೇಕೆನ್ನುವವರಲ್ಲಿ ಗುರುತ್ವವಿದೆಯೆಂದು ನಾವು ಬಲ್ಲೆವು.

ಭಾಷೆಯ ಭಾಗದಲ್ಲಿ ಗದ್ಯಖಂಡಗಳನ್ನು ಓದಿ ಅರ್ಥಮಾಡಿಕೊಂಡು ಉತ್ತರಿಸಬೇಕು. ಇಲ್ಲಿ ನಮ್ಮ ಜಿಲ್ಲೆಯ ವಿಶೇಷ ಪರಿಸ್ಥಿತಿಯನ್ನು ಮರೆಯಲಾಗದು. ನಮ್ಮ ಎಷ್ಟೋ ಮಕ್ಕಳಿಗೆ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಶಾಲೆಯ ಮಾತು ಕನ್ನಡ. ಇದರ ಮೇಲೆ ಟ್ಯೂಷನ್ನಿನವರು ಪ್ರತಿಷ್ಠೆಗಾಗಿ ಇಂಗ್ಲಿಷಿನಲ್ಲಿ ಬೋಧಿಸತೊಡಗಿದರೆ, ಹತ್ತು ವರ್ಷದ ಮಗುವಿನ ಪಾಡೇನು? ಗೊತ್ತಿಲ್ಲದುದನ್ನು ಮನೆಮಾತಿನಲ್ಲಿ ತಿಳಿಯಹೇಳಿ, ತಿಳಿದುದನ್ನು ಶುದ್ಧ ಕನ್ನಡದಲ್ಲಿ ಹೇಳಿಸಬಲ್ಲವರೇ ಇಲ್ಲಿ ಯೋಗ್ಯರು. ಶಂಕರಪುರದ ಕಡೆಯ ಮಲ್ಲಿಗೆ ಬೆಳೆಯುವ ಮನೆಯ ಮಗುವಿಗೆ ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂಬುದು ತಾಯಿ ಹೂ ಕಟ್ಟುವಾಗಲೇ ತಿಳಿದಿರುತ್ತದೆ. ಅಟ್ಟೆಗೆ 600 ರೂಪಾಯಿಯಾದರೆ ಮೂರು ಚೆಂಡಿಗೆ ಎಷ್ಟೆಂದು ಕೇಳಿದರೆ, ಅದು ಕ್ಷಣದಲ್ಲಿ 450 ಎನ್ನುವುದು. ಅದೇ ಮುಕ್ಕಾಲು ಭಾಗವೆಂಬುದನ್ನು ಆಮೇಲೆ ಹಲಗೆಯ ಮೇಲೆ ತೋರಿಸಿದರೆ ಭಿನ್ನರಾಶಿಯ ಭಯ ಹಾರಿಹೋಗುವುದು.

ಇನ್ನು ಗುರುವನ್ನು ಪರೀಕ್ಷಿಸುವ ಬಗೆ. ಒಪ್ಪಿಸುವ ಮೊದಲು ಒಂದು ದಿನ ಅವರ ಪಾಠದಲ್ಲಿ ಮೂಲೆಯಲ್ಲಿ ಕುಳಿತು ನೋಡಲು ಅನುಮತಿ ಕೇಳಿರಿ. ಒಪ್ಪದವರನ್ನು ಬಿಟ್ಟುಬಿಡಿರಿ. ಒಪ್ಪಿದರೆ, ಹೆಚ್ಚು ಮಾತಾಡುವವರು ಮಾಸ್ತರರೋ ಮಕ್ಕಳೋ ಎಂಬುದನ್ನು ಗಮನಿಸಿರಿ. ತಪ್ಪು ಮಾಡಿದ ಮಗುವಿಗೆ ಗದರಿಕೆ ಸಿಕ್ಕಿತೋ, ಇನ್ನೊಮ್ಮೆ ಮಾಡಿ ನೋಡುವ ಅವಕಾಶ ಸಿಕ್ಕಿತೋ ನೋಡಿರಿ. ಎಂಟು ಹತ್ತು ಮಕ್ಕಳಿದ್ದರೆ ಪ್ರತಿಯೊಬ್ಬರ ತಪ್ಪೂ ಗುರುವಿನ ಕಣ್ಣಿಗೆ ಬೀಳುತ್ತದೆ. ಐವತ್ತು ಮಂದಿಯಿದ್ದಲ್ಲಿ ಅದು ಜಾತ್ರೆ. ಇಷ್ಟು ಮಕ್ಕಳು ಆಯ್ಕೆಯಾದರೆಂದು ಪಟ್ಟಿ ತೋರಿಸಿದರೆ, ಎಷ್ಟು ಮಕ್ಕಳು ಬರೆದಿದ್ದರೆಂದು ಕೇಳುವ ಧೈರ್ಯ ನಿಮಗಿರಲಿ. ಖಾತ್ರಿ ಕೊಡುವವರನ್ನಂತೂ ದೂರದಿಂದಲೇ ನಮಸ್ಕರಿಸಿರಿ; 80 ಸ್ಥಾನಗಳಲ್ಲಿ ಒಂದೂ ಅವರ ಕೈಯಲ್ಲಿಲ್ಲ.

ಪದವಿಯ ಉದ್ದವನ್ನು ನೋಡಿ ಮೋಸಹೋಗಬಾರದು. ಇದೇ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿದ ಕವಿ ಮುದ್ದಣನು (1870-1901) ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಆ ಮೈದಾನದಲ್ಲಿ ಕವಾಯತು ಮಾಡಿಸುತ್ತಿದ್ದವನೊಳಗೆ ಎಂತಹ ಕನ್ನಡವಿತ್ತೆಂಬುದು ಯಾವ ಪ್ರಮಾಣಪತ್ರದಿಂದಲೂ ತಿಳಿಯುವಂತಿರಲಿಲ್ಲ. ನಮ್ಮ ಹಿರಿಯರ ಕಾಲದ ಐಗಳ ಮಠಗಳಲ್ಲಿ ಹೊಯಿಗೆಯ ಮೇಲೆ ಅಕ್ಷರ ತಿದ್ದಿಸಿದ ಐಗಳಿಗೂ ಪದವಿಗಳಿರಲಿಲ್ಲ. ಅವರಲ್ಲಿ ಬೆತ್ತದ ದೋಷವಿದ್ದಿತೆಂಬುದನ್ನು ನಾವು ಮರೆಮಾಡುವುದಿಲ್ಲ. ಆದರೆ ಊರಿನಲ್ಲಿಯೇ ಇದ್ದು ಊರಿಗೆ ಉತ್ತರ ಹೇಳಬೇಕಾದ ಭಯವೂ ಅವರಿಗಿದ್ದಿತು.

ಕಾಯಿದೆಯ ಮಾತನ್ನೂ ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಪ್ರಕರಣದಂತೆ ಶಾಲೆಯ ಉಪಾಧ್ಯಾಯರು ಖಾಸಗಿ ಟ್ಯೂಷನ್ ನಡೆಸಕೂಡದು. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯು, ತರಬೇತಿ ಕೇಂದ್ರಗಳು 16 ವರ್ಷಕ್ಕೆ ಕೆಳಗಿನವರನ್ನು ಸೇರಿಸಿಕೊಳ್ಳಬಾರದೆಂದೂ, ಅಂಕಗಳ ಭರವಸೆ ಕೊಡಬಾರದೆಂದೂ ಹೇಳುತ್ತದೆ. ಆದರೆ ಅದು 50ಕ್ಕೆ ಮಿಕ್ಕಿದ ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು. ಮನೆಯ ಜಗಲಿಯ ಪಾಠವನ್ನು ಕಾಯುವ ಹೊಣೆ ತಂದೆತಾಯಂದಿರದೇ. ಚೀನಾ ದೇಶವು 2021ರಲ್ಲಿ ಶಾಲಾವಿಷಯಗಳ ಲಾಭದ ಟ್ಯೂಷನ್ನನ್ನು ನಿಷೇಧಿಸಿತು. ಪಾಠವು ಅಳಿಯಲಿಲ್ಲ, ಮರೆಗೆ ಸರಿಯಿತು. ಸ್ಪರ್ಧೆಯಿರುವ ತನಕ ಟ್ಯೂಷನ್ ಇರುವುದು. ವಿವೇಕವೊಂದೇ ಅದಕ್ಕೆ ಕಡಿವಾಣ.

ಇನ್ನೊಂದು ಎಚ್ಚರಿಕೆ. ಪರೀಕ್ಷೆಗೆ ಅನುಕೂಲವೆಂದು ಹಳ್ಳಿಯ ಶಾಲೆಯಿಂದ ಮಗುವನ್ನು ಬಿಡಿಸಿ ಪೇಟೆಯ ಶಾಲೆಗೆ ಸೇರಿಸುವವರಿದ್ದಾರೆ. ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ಣವಾಗಿ ಗ್ರಾಮಾಂತರ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಮಾತ್ರ ಗ್ರಾಮಾಂತರದ ಮೀಸಲು ಸಲ್ಲುತ್ತದೆ. ಮಾಳ, ಬಜಗೋಳಿ, ಬೈಲೂರುಗಳಂತಹ ಊರಿನ ಮಗುವನ್ನು ಪುರಸಭೆಯ ಎಲ್ಲೆಯೊಳಗಿನ ಶಾಲೆಗೆ ತಂದವರು, ಕೈಯಲ್ಲಿದ್ದ ಹಕ್ಕನ್ನು ತಾವೇ ಕಳೆದುಕೊಂಡಂತೆ. ಹಳ್ಳಿಯ ಮಗುವಿಗೆಂದು ರಾಷ್ಟ್ರವು ತೆರೆದ ಬಾಗಿಲಿಗೆ ಪೇಟೆಯ ಟ್ಯೂಷನ್ನು ಸುಂಕದ ಕಟ್ಟೆಯಾಗುವುದು ಶೋಚನೀಯವಲ್ಲವೇ?

ಆದುದರಿಂದ ನಮ್ಮದೊಂದು ಸೂಚನೆಯಿದೆ. ನಮ್ಮ ತಾಲೂಕಿನ ಊರೂರುಗಳಲ್ಲಿ ನಿವೃತ್ತ ಮಾಸ್ತರರೂ ಟೀಚರರೂ ಇದ್ದಾರೆ. 1960ರಲ್ಲಿ ಸ್ಥಾಪಿತವಾದ ಭುವನೇಂದ್ರ ಕಾಲೇಜಿನಂತಹ ಸಂಸ್ಥೆಗಳಲ್ಲಿ ತರುಣ ವಿದ್ಯಾರ್ಥಿಗಳಿದ್ದಾರೆ. ಗ್ರಾಮ ಪಂಚಾಯತಿನ ಗ್ರಂಥಾಲಯಗಳಿವೆ. ಜೂನ್ ತಿಂಗಳಿಂದ ಪರೀಕ್ಷೆಯ ತನಕ ಭಾನುವಾರಕ್ಕೆ ಎರಡು ಗಂಟೆ, ಐದನೆಯ ತರಗತಿಯ ಎಲ್ಲ ಮಕ್ಕಳನ್ನೂ ಸೇರಿಸಿಕೊಂಡು ಉಚಿತವಾಗಿ ಅಭ್ಯಾಸ ಮಾಡಿಸಲು ಇಷ್ಟು ಸಾಕು. ಈ ಸಿದ್ಧತೆಯು ಮೊರಾರ್ಜಿ ದೇಸಾಯಿ ವಸತಿಶಾಲೆ, ಸೈನಿಕ ಶಾಲೆಗಳಂತಹ ಬೇರೆ ಪರೀಕ್ಷೆಗಳಿಗೂ ಸ್ವಲ್ಪಮಟ್ಟಿಗೆ ಒದಗುವುದು. ಯಾವುದನ್ನೂ ಬರೆಯದ ಮಗುವಿಗೂ ಲೆಕ್ಕ ಚೆನ್ನಾಗಿ ಬರುವುದು.

ನಮ್ಮ ಕಚೇರಿಗೆ ಬಂದ ಗೃಹಸ್ಥರು ತಮ್ಮೂರಿನ ಮಾಸ್ತರರಲ್ಲಿಗೇ ಮಗಳನ್ನು ಕಳುಹಿಸುವುದಾಗಿ ಹೇಳಿ ಹೋದರು. ಆ ಬಾಲಿಕೆಗೆ ಚೇರ್ಕಾಡಿಯಲ್ಲಿ ಸ್ಥಾನ ದೊರೆಯುವುದೋ ಇಲ್ಲವೋ ಹೇಳುವವರು ನಾವಲ್ಲ. ದೊರೆಯದಿದ್ದ ದಿನ ಮನೆಯಲ್ಲಿ ಯಾರೂ ಅವಳನ್ನು ಹಳಿಯಬಾರದು, ನೆರೆಮನೆಯ ಮಗುವಿನೊಡನೆ ಹೋಲಿಸಬಾರದು ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇವೆ. ಅದೇ ಮಾತನ್ನು ನಮ್ಮ ವಾಚಕರಲ್ಲಿ ಪ್ರತಿಯೊಬ್ಬ ತಂದೆತಾಯಿಯಿಂದಲೂ ಬೇಡುತ್ತೇವೆ.